ಟಾಕೋ ಸಲಾಡ್: ಒಂದು ಬಟ್ಟಲು, ನಾಲ್ಕು ಪಾಠ

ಅಮೆರಿಕಕ್ಕೆ ಓದಲು ಹೋದ ಮಕ್ಕಳು ಮನೆಗೆ ಫೋನ್ ಮಾಡಿದಾಗ ತಾಯಿ ಕೇಳುವ ಮೊದಲ ಪ್ರಶ್ನೆ ‘ಊಟ ಏನು ಮಾಡಿದೆ?’ ಎಂಬುದೇ. ‘ಟಾಕೋ ಸಲಾಡ್’ ಎಂಬ ಉತ್ತರ ಬಂದರೆ ಅದು ಊಟವೋ ತಿಂಡಿಯೋ ಎಂದು ಎಷ್ಟೋ ಮಂದಿಗೆ ತಿಳಿಯದು. ಕಾಳು, ಹಸಿ ತರಕಾರಿ, ಮೆಕ್ಕೆಜೋಳ ಮೂರೂ ಒಂದೇ ಬಟ್ಟಲಿನಲ್ಲಿ ಸೇರುವುದರಿಂದ ಅದು ಹೊಟ್ಟೆ ತುಂಬುವ ಊಟವೇ ಸರಿ. ಆದರೆ ಒಂದು ಎಚ್ಚರ ತಪ್ಪಿದರೆ ಅದೇ ಬಟ್ಟಲು ಆರೋಗ್ಯ ಕೆಡಿಸಲೂಬಹುದು.

ಟಾಕೋ ಹುಟ್ಟಿದ್ದು ಮೆಕ್ಸಿಕೊದಲ್ಲಿ. ಮೆಕ್ಕೆಜೋಳದ ತೆಳುವಾದ ರೊಟ್ಟಿಗೆ ಅಲ್ಲಿ ಟೋರ್ಟಿಯಾ ಎಂದು ಹೆಸರು. ಅದರೊಳಗೆ ಮಾಂಸವನ್ನೋ ಬೇಯಿಸಿದ ಕಾಳನ್ನೋ ಇಟ್ಟು ಮಡಚಿದರೆ ಟಾಕೋ. ಅದನ್ನು ಸಲಾಡ್ ಮಾಡಿದವರು ಮಾತ್ರ ಅಮೆರಿಕದವರು. 1955ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ಆರಂಭವಾದ ‘ಕಾಸಾ ಡಿ ಫ್ರಿಟೋಸ್’ ಎಂಬ ಉಪಾಹಾರಗೃಹ ಮೆಕ್ಕೆಜೋಳದ ಗರಿಗರಿ ಬಟ್ಟಲಿನಲ್ಲಿ ಟಾಕೋದ ಹೂರಣ ತುಂಬಿ ‘ಟಾ-ಕಪ್’ ಎಂದು ಮಾರುತ್ತಿತ್ತು. ಟಾಕೋ ಸಲಾಡಿನ ಪೂರ್ವಜ ಅದೇ ಎನ್ನುವುದುಂಟು.

ಟೋರ್ಟಿಯಾದ ಹಿಂದೆ ದೊಡ್ಡದೊಂದು ಕಥೆಯಿದೆ. ಮೆಕ್ಸಿಕೊದ ಹೆಂಗಸರು ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಎಲೆ ಅಡಿಕೆಯೊಂದಿಗೆ ನಮ್ಮವರು ಬಳಸುವುದೂ ಅದೇ ಬಗೆಯ ಸುಣ್ಣ. ಮೆಕ್ಕೆಜೋಳದಲ್ಲಿ ನಿಯಾಸಿನ್ ಎಂಬ ಜೀವಸತ್ವವಿದ್ದರೂ ಅದರ ಬಹುಪಾಲು ದೇಹಕ್ಕೆ ದಕ್ಕದಂತೆ ಬಂಧಿಯಾಗಿರುತ್ತದೆ. ಸುಣ್ಣ ಆ ಬಂಧನವನ್ನು ಬಿಡಿಸುತ್ತದೆ. ಯೂರೋಪಿನವರು ಮೆಕ್ಕೆಜೋಳವನ್ನು ಕೊಂಡೊಯ್ದರು, ಸುಣ್ಣದ ಕ್ರಮವನ್ನು ಬಿಟ್ಟು ಹೋದರು. ಮುಂದೆ ಮೆಕ್ಕೆಜೋಳವನ್ನೇ ನೆಚ್ಚಿದ್ದ ಉತ್ತರ ಇಟಲಿಯ ಬಡವರಲ್ಲಿ, ಆಮೇಲೆ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳ ಕೂಲಿಕಾರರಲ್ಲಿ ಚರ್ಮ ಸುಲಿದು ಬುದ್ಧಿ ಕೆಡಿಸುವ ಪೆಲ್ಲಾಗ್ರಾ ರೋಗ ಹರಡಿತು. ಅದು ಅಂಟುರೋಗವೆಂದೇ ಹಲವರು ನಂಬಿದ್ದರು. 1914ರಲ್ಲಿ ತನಿಖೆ ಕೈಗೊಂಡ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ದೋಷವಿರುವುದು ಆಹಾರದಲ್ಲಿ ಎಂದು ತೋರಿಸಿಕೊಟ್ಟರು. ಕೊರತೆಯ ವಸ್ತು ನಿಯಾಸಿನ್ ಎಂಬುದು 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಅವರ ಸಂಶೋಧನೆಯಿಂದ ಬೆಳಕಿಗೆ ಬಂತು.

ಈಗ ಅಡುಗೆಗೆ ಬರೋಣ. ಅಮೆರಿಕದ ಮನೆಗಳಲ್ಲಿ ಇದಕ್ಕೆ ಕೊಚ್ಚಿದ ಮಾಂಸ ಹಾಕುವುದೇ ಹೆಚ್ಚು. ಸಸ್ಯಾಹಾರಿಗಳಿಗೆ ರಾಜ್ಮಾ ಸಾಕು.

ಬೇಕಾಗುವ ಸಾಮಗ್ರಿ (ನಾಲ್ಕು ಜನರಿಗೆ): ಕೆಂಪು ರಾಜ್ಮಾ 1 ಲೋಟ, ಈರುಳ್ಳಿ 2, ಟೊಮ್ಯಾಟೊ 3, ಬೆಳ್ಳುಳ್ಳಿ 4 ಎಸಳು, ಹಸಿಮೆಣಸಿನಕಾಯಿ 1, ಜೀರಿಗೆ ಪುಡಿ ಮತ್ತು ಖಾರದ ಪುಡಿ ತಲಾ 1 ಚಮಚ, ಲೆಟ್ಯೂಸ್ ಸೊಪ್ಪು 1 ಗೆಡ್ಡೆ, ನಿಂಬೆಹಣ್ಣು 1, ಗಟ್ಟಿ ಮೊಸರು ಅರ್ಧ ಲೋಟ, ತುರಿದ ಚೀಸ್ 4 ಚಮಚ, ಮೆಕ್ಕೆಜೋಳದ ಚಿಪ್ಸ್ 4 ಹಿಡಿ, ಕೊತ್ತಂಬರಿ ಸೊಪ್ಪು, ಎಣ್ಣೆ, ಉಪ್ಪು.

ಮಾಡುವ ವಿಧಾನ: ರಾತ್ರಿ ನೆನೆಸಿದ ರಾಜ್ಮಾದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಬೇಕು. ಎಣ್ಣೆಯಲ್ಲಿ ಒಂದು ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಒಂದು ಟೊಮ್ಯಾಟೊ, ಪುಡಿಗಳು, ಉಪ್ಪು, ಬೆಂದ ಕಾಳು ಹಾಕಿ ನೀರಾರುವವರೆಗೆ ಕೈಯಾಡಿಸಬೇಕು. ಉಳಿದ ಟೊಮ್ಯಾಟೊ, ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿಯನ್ನು ಸಣ್ಣಗೆ ಹೆಚ್ಚಿ ನಿಂಬೆರಸ ಬೆರೆಸಿದರೆ ‘ಸಾಲ್ಸಾ’ ಸಿದ್ಧ. ಬಟ್ಟಲಿನಲ್ಲಿ ಮೊದಲು ತೊಳೆದು ನೀರಾರಿಸಿದ ಲೆಟ್ಯೂಸ್, ಮೇಲೆ ಕಾಳು, ಸಾಲ್ಸಾ, ಮೊಸರು, ಚೀಸ್ ಹಾಕಿ, ತಿನ್ನುವ ಹೊತ್ತಿಗೆ ಚಿಪ್ಸ್ ಮುರಿದು ಉದುರಿಸಬೇಕು.

ಸಾಲ್ಸಾಕ್ಕೆ ಉಪ್ಪು ಕೊನೆಗಳಿಗೆಯಲ್ಲಿ ಬೀಳಬೇಕು. ಉಪ್ಪು ತಗಲಿದೊಡನೆ ಟೊಮ್ಯಾಟೊ ನೀರು ಬಿಡುತ್ತದೆ. ಶಾಲೆಯಲ್ಲಿ ಓದುವ ‘ಅಭಿಸರಣೆ’ ಇದೇ. ನಿಂಬೆರಸಕ್ಕೂ ರುಚಿಯಾಚೆಗೆ ಒಂದು ಕೆಲಸವಿದೆ: ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಅದರ ಸಿ ಜೀವಸತ್ವ ನೆರವಾಗುತ್ತದೆ.

ಇನ್ನು ಆ ಎಚ್ಚರದ ಮಾತು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷವಸ್ತುವಿದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಬೇಕೆಂಬುದು ತಜ್ಞರ ಸಲಹೆ. ಪ್ರೆಷರ್ ಕುಕ್ಕರ್ ಇರುವ ನಮ್ಮ ಮನೆಗಳಲ್ಲಿ ಈ ಭಯ ಕಡಿಮೆ. ವಿದೇಶದ ವಿದ್ಯಾರ್ಥಿಗಳು ಬಳಸುವ, ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಬೇಯಿಸುವ ‘ಸ್ಲೋ ಕುಕರ್’ನಲ್ಲೇ ಅಪಾಯ. ಕಾವು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತರೆ ವಿಷ ಅಳಿಯುವುದಿಲ್ಲ, ಹೆಚ್ಚಲೂಬಹುದು. ಕಾಳು ಮೆತ್ತಗಾಗಿದ್ದು ಕಂಡು ಬೆಂದಿತೆಂದು ಮೋಸಹೋಗುವುದು ಇಲ್ಲಿಯೇ. ಡಬ್ಬಿಯಲ್ಲಿ ಸಿಗುವ ರಾಜ್ಮಾ ಮೊದಲೇ ಬೆಂದಿರುವುದರಿಂದ ಅದಕ್ಕೆ ಈ ತೊಂದರೆಯಿಲ್ಲ.

ಹೊರಡುವ ಮಕ್ಕಳ ಪೆಟ್ಟಿಗೆಗೆ ಚಟ್ನಿಪುಡಿ, ಸಾರಿನ ಪುಡಿ ಕಟ್ಟಿಕೊಡುವಾಗ ಈ ಮಾತನ್ನೂ ಕಟ್ಟಿಕೊಡಬೇಕು. ಮುಂದಿನ ಸಲ ಫೋನಿನಲ್ಲಿ ‘ಟಾಕೋ ಸಲಾಡ್’ ಎಂಬ ಉತ್ತರ ಬಂದರೆ ತಾಯಿ ಕೇಳಬೇಕಾದ ಎರಡನೆಯ ಪ್ರಶ್ನೆಯೂ ಸಿದ್ಧವಾಯಿತು: ‘ಕಾಳು ಚೆನ್ನಾಗಿ ಕುದಿಸಿದೆ ತಾನೆ?’