ಹಾಲಿನ ನಂಟು

ಮೂರನೇ ಐವಿಎಫ್ ಕೂಡ ಫಲ ಕೊಡಲಿಲ್ಲ. ಡಾಕ್ಟರ್ ಮೆಲ್ಲಗೆ ಹೇಳಿದರು: "ನಿಮ್ಮ ಅಂಡಾಣುಗಳಿಂದ ಕಷ್ಟ ಇದೆ. ದಾನಿಯ ಅಂಡಾಣು ಬಗ್ಗೆ ಯೋಚನೆ ಮಾಡಿ." ಮನೆಗೆ ಬರುವಾಗ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ರಾತ್ರಿ ದಾವಣಗೆರೆಯಿಂದ ತಂಗಿಯ ಫೋನ್. "ಆಪಾ, ನನ್ನದೇ ತಗೋ. ನಾನೇನು ಹೊರಗಿನವಳಾ?" ಅವಳ ಮಡಿಲಲ್ಲಿ ನಾಲ್ಕು ತಿಂಗಳ ಮಗಳು ಅಳ್ತಾ ಇದ್ದಳು. ನನಗೂ ಅಳು ತಡೆಯಲಿಲ್ಲ.

ಐವಿಎಫ್ ಅಂದ್ರೇನೇ ಹರಾಮ್ ಅಂದುಕೊಂಡವರು ನಮ್ಮಲ್ಲಿ ಈಗಲೂ ಇದ್ದಾರೆ. ಹಾಗೇನಿಲ್ಲ. ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರಲ್ಲಿ. 1980ರಲ್ಲೇ ಈಜಿಪ್ಟಿನ ಮುಫ್ತಿ ಜಾದ್ ಅಲ್-ಹಖ್ ಫತ್ವಾ ಕೊಟ್ಟು, ಗಂಡ-ಹೆಂಡತಿಯ ನಡುವೆ ಇದು ಸರಿ ಅಂದರು. ಆದರೆ ಮೂರನೆಯವರ ವೀರ್ಯ, ಅಂಡಾಣು ಬರಕೂಡದು. ಸುನ್ನಿ ವಿದ್ವಾಂಸರಲ್ಲಿ ಹೆಚ್ಚಿನವರದು ಇಂದಿಗೂ ಇದೇ ಮಾತು. ಶಿಯಾಗಳ ಇರಾನ್ ಬೇರೆ ದಾರಿ ಹಿಡಿದು 2003ರಲ್ಲಿ ಭ್ರೂಣದಾನಕ್ಕೆ ಕಾನೂನನ್ನೇ ಮಾಡಿತು.

"ಸ್ವಂತ ತಂಗಿಯದ್ದೂ ಆಗಲ್ವಾ ಹಜ್ರತ್?" ಅಂತ ನಮ್ಮ ಮೊಹಲ್ಲಾದ ಮೌಲಾನಾರನ್ನು ಕೇಳಿದೆ.

"ನಾಳೆ ಮಗು ನನ್ನ ತಾಯಿ ಯಾರು ಅಂದ್ರೆ ಯಾರ ಕಡೆ ಬೆರಳು ತೋರಿಸ್ತೀಯ ಬೇಟಿ? ನಸಬ್ ಅಂದ್ರೆ ವಂಶದ ಜಂಬ ಅಲ್ಲ. ತಾನು ಯಾರ ಮಗು ಅಂತ ತಿಳಿಯೋದು ಮಗುವಿನ ಹಕ್ಕು."

ನನಗೆ ಸಿಟ್ಟು ಬಂತು. ಒಂಬತ್ತು ತಿಂಗಳು ಹೊತ್ತು ಹೆರುವವಳು ನಾನಾದರೆ ತಾಯಿ ನಾನಲ್ವಾ? ಆ ಪ್ರಶ್ನೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ "ಮಗುವಿನ ಹಕ್ಕು" ಅನ್ನೋ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಇಷ್ಟು ದಿನ ನಾನು ಯೋಚಿಸಿದ್ದೆಲ್ಲ ನನ್ನ ಖಾಲಿ ಮಡಿಲಿನ ಬಗ್ಗೆಯೇ.

ಪ್ರವಾದಿಯವರು ಸಾಕಿದ ಝೈದ್‌ನನ್ನು ಜನ 'ಝೈದ್ ಬಿನ್ ಮುಹಮ್ಮದ್' ಅಂತಲೇ ಕರೆಯುತ್ತಿದ್ದರು. ಸಾಕುಮಕ್ಕಳನ್ನು ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಕುರ್‌ಆನ್ ಹೇಳಿದ ಮೇಲೆ ಅವನು ಮತ್ತೆ 'ಝೈದ್ ಬಿನ್ ಹಾರಿಸಾ' ಆದ. ಹೆಸರು ಬದಲಾಯಿತು, ಅವನ ಮೇಲಿದ್ದ ಪ್ರೀತಿ ಬದಲಾಗಲಿಲ್ಲ.

ಹಾಗಾದ್ರೆ ದತ್ತು? ಗಂಡು ಮಗುವಾದರೆ ದೊಡ್ಡವನಾದ ಮೇಲೆ ಅವನೆದುರು ನಾನು ತಲೆ ಮುಚ್ಚಿಕೊಂಡೇ ಇರಬೇಕು. ಅದಕ್ಕೂ ಮೌಲಾನಾರ ಹತ್ತಿರ ದಾರಿ ಇತ್ತು. ಮಗುವಿಗೆ ಎರಡು ವರ್ಷ ತುಂಬುವ ಮೊದಲು ತಂಗಿ ಎದೆಹಾಲು ಕುಡಿಸಿದರೆ ಅವಳು ಅವನ ಹಾಲಿನ ತಾಯಿ, ನಾನು ಹಾಲಿನ ಖಾಲಾ. ಆಮೇಲೆ ಪರದೆಯ ಮಾತೇ ಇಲ್ಲ. ಹೆಣ್ಣಾದರೆ ನಮ್ಮೆಜಮಾನರ ಅಕ್ಕ-ತಂಗಿಯರ ಹಾಲು ಬೇಕು. ರಕ್ತದ ಹಾಗೆ ಹಾಲೂ ಸಂಬಂಧ ಕಟ್ಟುತ್ತದೆ, ಅದೂ ಎಲ್ಲರಿಗೂ ಗೊತ್ತಿರುವ ಹಾಗೆ, ಯಾವ ಗುಟ್ಟೂ ಇಲ್ಲದೆ.

ದತ್ತುವಿಗೆ ಹೆಸರು ಬರೆಸಿದ್ದೇವೆ. ಗಂಡೋ ಹೆಣ್ಣೋ, ಯಾವುದಾದರೂ ಸರಿ. ಅದರ ಹುಟ್ಟಿನ ಬಗ್ಗೆ ಗೊತ್ತಿರೋದನ್ನೆಲ್ಲ ಮುಚ್ಚಿಡದೆ ಹೇಳಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಸರದಿ ಬರೋಕೆ ವರ್ಷಗಳೇ ಆಗಬಹುದು, ತಂಗಿಯ ಹಾಲು ಅಲ್ಲಿವರೆಗೆ ಇರುತ್ತೋ ಇಲ್ಲವೋ.

ಮೊನ್ನೆ ಅವಳೇ ಫೋನ್ ಮಾಡಿದ್ದಳು. "ಆಪಾ, ಮಗಳಿಗೆ ಹಾಲು ಬಿಡಿಸೋಕೆ ಇಷ್ಟು ಬೇಗ ಹೇಳಬೇಡಿ ಅಂತ ಅಮ್ಮಿಗೆ ಹೇಳಿಬಿಟ್ಟಿದ್ದೀನಿ."