ಗ್ಯಾರಿಯ ಕೈಗೆಟುಕದ ಚಿಲಕ

ಆರ್ಥರ್ ಫ್ಲೆಕ್ ತನ್ನ ಮನೆಗೆ ಬಂದ ಹಳೆಯ ಸಹೋದ್ಯೋಗಿ ರ‍್ಯಾಂಡಲ್‌ನನ್ನು ಕತ್ತರಿಯಿಂದ ಇರಿದು, ತಲೆಯನ್ನು ಗೋಡೆಗೆ ಅಪ್ಪಳಿಸಿ ಕೊಂದಿದ್ದಾನೆ. ಜೊತೆಗೆ ಬಂದಿದ್ದ ಗ್ಯಾರಿ ಮೂಲೆಯಲ್ಲಿ ಮುದುಡಿಕೊಂಡಿದ್ದಾನೆ. ಗ್ಯಾರಿ ತೀರಾ ಕುಳ್ಳ. ‘ನಿನಗೇನೂ ಮಾಡುವುದಿಲ್ಲ, ಹೋಗು’ ಎಂದು ಆರ್ಥರ್ ಹೇಳಿದ ಮೇಲೆ ಹೆಣವನ್ನು ದಾಟಿ ಬಾಗಿಲವರೆಗೆ ಬರುತ್ತಾನೆ. ಚಿಲಕ ಎಟುಕುವುದಿಲ್ಲ. ಕೊಂದವನ ಕಡೆಗೇ ತಿರುಗಿ, ಸ್ವಲ್ಪ ತೆಗೆದುಕೊಡು ಎಂದು ಕೇಳಬೇಕಾಗುತ್ತದೆ. 2019ರ ಅಕ್ಟೋಬರಿನಲ್ಲಿ ನಾನು ‘ಜೋಕರ್’ ನೋಡಿದ ದಿನ, ಈ ಹೊತ್ತಿಗೆ ಸರಿಯಾಗಿ ಇಡೀ ಚಿತ್ರಮಂದಿರ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆಮೇಲೆ ಪರದೆಯ ಮೇಲೆ ಗ್ಯಾರಿಯ ಮುಖ ಕಂಡಿತು. ಅವನು ಅಳುತ್ತಿದ್ದ.

ಆ ನಗುವಿನ ಬಗ್ಗೆ ನಾವು ಮಾತಾಡಲೇ ಇಲ್ಲ. ಟಾಡ್ ಫಿಲಿಪ್ಸ್ ನಿರ್ದೇಶನದ ಆ ಚಿತ್ರದ ಸುತ್ತ ಎದ್ದ ಗದ್ದಲದಲ್ಲಿ, ಬೈದವರೂ ಹೊಗಳಿದವರೂ ಜೋಕರ್ ವೇಷ ತೊಟ್ಟ ಆರ್ಥರ್‌ನ ಬಣ್ಣದ ಮುಖವನ್ನಷ್ಟೇ ನೋಡಿದರು. ಖಳನನ್ನೇ ನಾಯಕನಾಗಿಸುವ ಕಥೆಯನ್ನು ಅಳೆಯಬೇಕಾದದ್ದು ಬಾಗಿಲ ಬಳಿ ನಿಂತ ಗ್ಯಾರಿಯಿಂದ ಎಂದು ನಾನು ನಂಬಿದ್ದೇನೆ.

ಆ ಗದ್ದಲಕ್ಕೆ ಕಾರಣವಿಲ್ಲದೆ ಇರಲಿಲ್ಲ. 2012ರ ಜುಲೈ 20ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಅರೋರಾದಲ್ಲಿ ಬ್ಯಾಟ್‌ಮನ್ ಚಿತ್ರ ನೋಡುತ್ತಿದ್ದವರ ಮೇಲೆ ಒಬ್ಬ ಗುಂಡಿನ ಮಳೆಗರೆದಿದ್ದ. 12 ಜನ ಸತ್ತರು. ಏಳು ವರ್ಷಗಳ ನಂತರ, ಬ್ಯಾಟ್‌ಮನ್‌ನ ವೈರಿಯ ಕಥೆಯಾದ ‘ಜೋಕರ್’ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದು ಬಿಡುಗಡೆಗೆ ನಿಂತಾಗ ಅದೇ ಭಯ ಮತ್ತೆ ಎದ್ದಿತು. ಅಮೆರಿಕದ ಸೇನೆ ತನ್ನ ಸೈನಿಕರಿಗೆ ಎಚ್ಚರಿಕೆ ಕೊಟ್ಟಿತು. ಕೆಲವು ಚಿತ್ರಮಂದಿರಗಳು ಮುಖವಾಡ ಹಾಕಿ ಬರಬೇಡಿ ಎಂದವು. ಒಂಟಿ ಬಿಳಿಯ ಯುವಕರನ್ನು ಈ ಚಿತ್ರ ಕೆರಳಿಸುತ್ತದೆ ಎಂಬ ಲೇಖನಗಳ ಮೇಲೆ ಲೇಖನಗಳು ಬಂದವು.

ಅರೋರಾದಲ್ಲಿ ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡ ಕುಟುಂಬಗಳೂ ಚಿತ್ರದ ನಿರ್ಮಾಣ ಸಂಸ್ಥೆ ವಾರ್ನರ್ ಬ್ರದರ್ಸ್‌ಗೆ ಪತ್ರ ಬರೆದವು. ಆ ಪತ್ರದಲ್ಲಿ ಚಿತ್ರವನ್ನು ತಡೆಯಿರಿ ಎಂಬ ಬೇಡಿಕೆ ಇರಲಿಲ್ಲ. ಬಂದೂಕು ಲಾಬಿಯ ಹಣ ಪಡೆಯುವ ರಾಜಕಾರಣಿಗಳಿಗೆ ದೇಣಿಗೆ ಕೊಡಬೇಡಿ, ಗುಂಡೇಟಿನಿಂದ ಬದುಕುಳಿದವರ ನೆರವಿಗೆ ಬನ್ನಿ ಎಂಬುದು ಅವರ ಕೋರಿಕೆ. ನೋವುಂಡವರು ಬೆರಳು ಮಾಡಿದ್ದು ಬಂದೂಕಿನ ಕಡೆಗೆ. ಚರ್ಚೆ ಮಾಡಿದವರು ಆ ಬೆರಳನ್ನು ತಿರುಗಿಸಿ ಪ್ರೇಕ್ಷಕನ ಎದೆಗಿಟ್ಟರು. ಭಯಪಟ್ಟಂಥದ್ದು ಯಾವ ಚಿತ್ರಮಂದಿರದಲ್ಲೂ ನಡೆಯಲಿಲ್ಲ. ಚಿತ್ರ ನೂರು ಕೋಟಿ ಡಾಲರ್ ದಾಟಿತು. ಇಷ್ಟೊಂದು ಜನ ಇದರಲ್ಲಿ ಏನು ಕಂಡರು ಎಂದು ಕೇಳುವ ವ್ಯವಧಾನ ಮಾತ್ರ ಯಾರಿಗೂ ಉಳಿದಿರಲಿಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ಸರ್ಕಾರಿ ಕಚೇರಿ. ಸುತ್ತ ಕಡತಗಳ ರಾಶಿ. ಮೇಜಿನ ಆಚೆ ಬಳಲಿದ ಮುಖದ ಸಮಾಲೋಚಕಿ, ಈಚೆ ಆರ್ಥರ್. ನೀವು ನನ್ನ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ, ಪ್ರತಿವಾರ ಅದೇ ಪ್ರಶ್ನೆ ಕೇಳುತ್ತೀರಿ ಎಂದು ಅವನು ಹೇಳುತ್ತಾನೆ. ಅನುದಾನ ಕಡಿತವಾಗಿದೆ, ಈ ಕಚೇರಿ ಮುಚ್ಚುತ್ತದೆ ಎಂದು ಅವಳು ಹೇಳುತ್ತಾಳೆ. ಅವನು ಏಳು ಬಗೆಯ ಔಷಧಿಯ ಮೇಲಿದ್ದಾನೆ. ಇನ್ನು ಮೇಲೆ ಮಾತ್ರೆಗೆ ಎಲ್ಲಿಗೆ ಹೋಗಲಿ ಎಂಬ ಅವನ ಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲ.

ಕಥೆ ನಡೆಯುವುದು 1981ರಲ್ಲಿ. ಅದೇ ವರ್ಷ ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ, ಹಿಂದಿನ ವರ್ಷವಷ್ಟೇ ಆಗಿನ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ್ದ ಮಾನಸಿಕ ಆರೋಗ್ಯ ಕಾನೂನಿನ ಬಹುಭಾಗವನ್ನು ರದ್ದು ಮಾಡಿ, ಸಮುದಾಯ ಚಿಕಿತ್ಸಾ ಕೇಂದ್ರಗಳಿಗೆ ಹೋಗುತ್ತಿದ್ದ ಹಣಕ್ಕೆ ಕತ್ತರಿ ಹಾಕಿತು. ಆರ್ಥರ್‌ನ ಗಾಥಮ್ ಕಟ್ಟುಕಥೆಯ ಊರಾದರೂ ಮುಚ್ಚಿದ ಆ ಬಾಗಿಲು ನಿಜದ್ದು. ಬೈರೂತ್, ಸ್ಯಾಂಟಿಯಾಗೊ, ಹಾಂಗ್‌ಕಾಂಗ್‌ಗಳ ಬೀದಿಗಿಳಿದ ಪ್ರತಿಭಟನಾಕಾರರಲ್ಲಿ ಕೆಲವರು ಚಿತ್ರ ಬಂದ 2019ರ ಅದೇ ಅಕ್ಟೋಬರಿನಲ್ಲಿ ಜೋಕರ್‌ನ ಬಣ್ಣವನ್ನು ಮುಖಕ್ಕೆ ಬಳಿದುಕೊಂಡಿದ್ದು ಕೊಲೆ ಮಾಡುವ ಹಂಬಲದಿಂದಲ್ಲ. ತಮ್ಮ ಮಾತು ಯಾರ ಕಿವಿಗೂ ಬೀಳುತ್ತಿಲ್ಲ ಎಂಬ ಸಿಟ್ಟು ಅವರದ್ದಾಗಿತ್ತು. ಇಂಥ ಚಿತ್ರದ ಸೆಳೆತಕ್ಕೆ ಒಳಗಾದವರನ್ನೆಲ್ಲ ಸಂಭಾವ್ಯ ಹಂತಕರೆಂದು ಕರೆಯುವುದು ಬೇಜವಾಬ್ದಾರಿಯ ಮಾತು. ನಿಷೇಧದ ಕೂಗನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಹಾಗೆಂದು ಅಭಿಮಾನಿಗಳ ಜೈಕಾರವನ್ನೂ ಒಪ್ಪಲಾರೆ. ಏಕೆಂದರೆ ನಮ್ಮ ಮರುಕವನ್ನು ಗೆದ್ದ ಮೇಲೆ ಈ ಚಿತ್ರ ಅದನ್ನು ತಪ್ಪಾಗಿ ಬಳಸಿಕೊಳ್ಳುತ್ತದೆ. ಸುರಂಗ ರೈಲಿನಲ್ಲಿ ಮೂವರು ಸಿರಿವಂತ ಯುವಕರು ಆರ್ಥರ್‌ನನ್ನು ಕೆಡವಿ ಒದೆಯುತ್ತಾರೆ, ಅವನು ಗುಂಡು ಹಾರಿಸುತ್ತಾನೆ. ಮೊದಲ ಎರಡು ಸಾವು ಆತ್ಮರಕ್ಷಣೆ ಎನ್ನಬಹುದೇನೋ. ಮೂರನೆಯವನು ಕಾಲಿಗೆ ಗುಂಡು ತಿಂದು ಕುಂಟುತ್ತ ಓಡುತ್ತಾನೆ. ಅವನನ್ನು ನಿಲ್ದಾಣದ ಮೆಟ್ಟಿಲವರೆಗೂ ಬೆನ್ನಟ್ಟಿ, ಬಿದ್ದವನ ಮೇಲೆ ಗುಂಡು ಮುಗಿಯುವವರೆಗೂ ಹೊಡೆಯುತ್ತಾನೆ. ಬೆನ್ನಿಗೇ ಸಾರ್ವಜನಿಕ ಶೌಚಾಲಯದ ನಸುಬೆಳಕಿನಲ್ಲಿ ಆರ್ಥರ್‌ನ ನಿಧಾನದ ನರ್ತನ, ಹಿಂದೆ ಹಿಲ್ದುರ್ ಗುಡ್ನಡೋಟಿರ್ ಅವರ ಚೆಲ್ಲೊ. ಈ ಚಿತ್ರಕ್ಕೆ ಸಂದ ಎರಡು ಆಸ್ಕರ್‌ಗಳಲ್ಲಿ ಒಂದು ಆ ಸಂಗೀತಕ್ಕೆ, ಇನ್ನೊಂದು ವಾಕೀನ್ ಫೀನಿಕ್ಸ್ ನಟನೆಗೆ. ಎರಡಕ್ಕೂ ನ್ಯಾಯವಾಗಿ ಸಂದ ಗೌರವವದು. ಆದರೆ ಆ ಸೊಗಸಿನಲ್ಲಿ ಮೆಟ್ಟಿಲ ಮೇಲೆ ಬಿದ್ದವನನ್ನು ನಾವು ಮರೆತೇಬಿಡುತ್ತೇವೆ. ಮರೆಯಲೆಂದೇ ಆ ಸೊಗಸು. ಮುಂದೆ ಸಾಯುವ ಮುಖ್ಯರೆಲ್ಲ ಆರ್ಥರ್‌ಗೆ ಏನಾದರೊಂದು ಅನ್ಯಾಯ ಮಾಡಿದವರೇ. ಪ್ರತಿ ಕೊಲೆಗೂ ನಮ್ಮ ತಲೆಯಾಡಿಸುವಿಕೆ ಮೊದಲೇ ಸಿದ್ಧವಾಗಿರುತ್ತದೆ.

ಚಿತ್ರ ಮಾಡಿದ ಇನ್ನೊಂದು ಅನ್ಯಾಯವೂ ಇದೆ. ಮಾನಸಿಕ ಕಾಯಿಲೆಯಲ್ಲಿ ಬೇಯುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ತುತ್ತಾಗುವುದೇ ಹೆಚ್ಚು. ಮಾತ್ರೆ ನಿಂತಿತು, ಕೊಲೆಗಾರನಾದ ಎಂಬ ಸರಳ ಗೆರೆಯನ್ನು ಎಳೆದು, ಯಾರ ಪರವಾಗಿ ಮಾತಾಡಲು ಹೊರಟಿತ್ತೋ ಅವರ ಮೇಲೆಯೇ ಚಿತ್ರ ಅನುಮಾನ ಹೊರಿಸಿತು.

ಖಳನಿಗೆ ಮರುಗುವುದು ಕನ್ನಡದ ಓದುಗರಿಗೆ ಹೊಸತಲ್ಲ. ಸಾವಿರ ವರ್ಷದ ಹಿಂದೆಯೇ ಕವಿ ರನ್ನ ದುರ್ಯೋಧನನನ್ನು ನಮ್ಮ ಎದೆಗೆ ಹತ್ತಿರ ತಂದ. ಅದಕ್ಕೆ ಅವನು ಹಿಡಿದ ದಾರಿ ನೋಡಿ. ದುರ್ಯೋಧನನನ್ನು ಹೆಣಗಳು ಬಿದ್ದ ರಣರಂಗದ ನಡುವೆ ನಡೆಸಿದ. ದ್ರೋಣ, ದುಶ್ಶಾಸನ, ಕರ್ಣ ಎಲ್ಲರ ಶವಗಳ ಮುಂದೆಯೂ ನಿಲ್ಲಿಸಿದ. ತನ್ನವರೇ ಸುತ್ತುವರಿದು ಕೊಂದ ಬಾಲಕ ಅಭಿಮನ್ಯುವಿನ ಮುಂದೆ ನಿಂತು ಆ ಶೌರ್ಯಕ್ಕೆ ಕೈಮುಗಿಯುವಂತೆ ಮಾಡಿದ. ತನ್ನ ಹಟಕ್ಕೆ ತೆತ್ತ ಬೆಲೆಯನ್ನು ಕಣ್ಣಾರೆ ಕಂಡ ಮೇಲೆ ಅವನ ಅಳಲಿಗೆ ತೂಕ ಬರುತ್ತದೆ, ನಮ್ಮ ಮರುಕಕ್ಕೂ ಅರ್ಥ ಬರುತ್ತದೆ. ‘ಜೋಕರ್’ನಲ್ಲಿ ಆರ್ಥರ್ ತಾನು ಕೊಂದವರ ನಡುವೆ ಒಮ್ಮೆಯೂ ಹಾಗೆ ನಡೆಯುವುದಿಲ್ಲ. ಹೆಣ ದಾಟುವ ಕೆಲಸ ಗ್ಯಾರಿಯ ಪಾಲಿಗೆ ಬಿತ್ತು. ಅದನ್ನು ನೋಡಿ ನಾವು ನಕ್ಕೆವು.

2024ರಲ್ಲಿ ಬಂದ ಎರಡನೆಯ ಭಾಗದಲ್ಲಿ ಅದೇ ಗ್ಯಾರಿ ನ್ಯಾಯಾಲಯದ ಕಟಕಟೆಗೆ ಬರುತ್ತಾನೆ. ಬಣ್ಣ ಬಳಿದುಕೊಂಡ ಆರ್ಥರ್ ತನ್ನ ವಕಾಲತ್ತನ್ನು ತಾನೇ ವಹಿಸಿ ಅವನನ್ನು ಪ್ರಶ್ನಿಸುತ್ತಾನೆ, ಹಂಗಿಸುತ್ತಾನೆ. ಗ್ಯಾರಿ ನಡುಗುತ್ತಲೇ ತನ್ನ ಭಯ ಹೇಳಿಕೊಳ್ಳುತ್ತಾನೆ: ಅಂದಿನಿಂದ ನೆಮ್ಮದಿಯಿಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ. ನನ್ನನ್ನು ಎಂದೂ ಗೇಲಿ ಮಾಡದಿದ್ದವನು ನೀನೊಬ್ಬನೇ ಎನ್ನುತ್ತಾನೆ. ಲೀ ಗಿಲ್ ಎಂಬ ನಟ ಆ ಕೆಲವು ನಿಮಿಷಗಳಲ್ಲಿ ಮೊದಲ ಚಿತ್ರ ಬಾಕಿ ಉಳಿಸಿದ್ದ ಸಾಲವನ್ನು ತೀರಿಸುತ್ತಾರೆ. ಮುಂದೆ ಆರ್ಥರ್ ಜೋಕರ್ ಎಂಬ ವೇಷವನ್ನೇ ಕಳಚಿ ಹಾಕಿ, ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತಾನೆ. ಪ್ರೇಕ್ಷಕರು ಆ ಚಿತ್ರವನ್ನು ಕಟುವಾಗಿ ತಿರಸ್ಕರಿಸಿದರು. ಹಾಡು ಹೆಚ್ಚಾಯಿತು, ಕಥೆ ತೆವಳಿತು ಎಂಬ ದೂರುಗಳಲ್ಲಿ ಸತ್ಯವಿದೆ. ಆದರೆ ಹೆಚ್ಚಿನವರ ಸಿಟ್ಟು ಬೇರೆಯದೇ ಆಗಿತ್ತು: ನಮ್ಮ ಜೋಕರ್ ತಲೆ ತಗ್ಗಿಸಿದ್ದೇಕೆ? ಆ ಪ್ರಶ್ನೆ ಕೇಳಿದವರಿಗೆ ಬೇಕಾಗಿದ್ದದ್ದು ಅನುದಾನ ನಿಂತು ಬೀದಿಗೆ ಬಿದ್ದ ರೋಗಿ ಅಲ್ಲ. ಕೆಂಪು ಕೋಟು ತೊಟ್ಟು ಮೆಟ್ಟಿಲ ಮೇಲೆ ಕುಣಿಯುವ ಜೋಕರ್ ಮಾತ್ರ.

ಅದಕ್ಕೇ ಹೇಳುತ್ತಿದ್ದೇನೆ, ಮರುಕ ತಪ್ಪಲ್ಲ. ಆರ್ಥರ್‌ಗಾಗಿ ಕಣ್ಣು ತೇವವಾಗಿದ್ದರೆ ಅದನ್ನು ಒರೆಸಿಕೊಳ್ಳಬೇಡಿ. ಆದರೆ ಯಾರೂ ಕೇಳಿಸಿಕೊಳ್ಳದವನ ಕಥೆಯೆಂದು ಅವನನ್ನು ಎತ್ತಿ ಹಿಡಿಯುವವರು ಗ್ಯಾರಿಯ ಮಾತನ್ನೂ ಕೇಳಿಸಿಕೊಳ್ಳಬೇಕು. ಅವನೂ ಅದೇ ಕೋಡಂಗಿ ವೇಷದ ಕೂಲಿ ಮಾಡಿದವನು, ಅದೇ ಸಹೋದ್ಯೋಗಿಗಳ ಗೇಲಿ ತಿಂದವನು, ಆದರೂ ಯಾರನ್ನೂ ಕೊಲ್ಲದವನು. ಅವನು ಬಾಗಿಲ ಬಳಿ ನಿಂತು ಮೇಲೆ ನೋಡಿದಾಗ ನಗದೇ ಇರುವುದನ್ನು ನಾವು ಕಲಿಯಬೇಕಿದೆ.