ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆ?

ಆಷಾಢದ ಹಸಿವು ಗೊತ್ತಿಲ್ಲದವರು ನಮ್ಮ ಕೇರಿಗಳಲ್ಲಿ ಯಾರಿದ್ದಾರೆ? ಹಳೇ ಕಾಳು ಮುಗಿದಿರುತ್ತೆ, ಹೊಸ ಪೈರು ಇನ್ನೂ ಮೊಣಕಾಲುದ್ದ. ನಮ್ಮಲ್ಲಿ ಎಷ್ಟೋ ಜನರ ಅಜ್ಜಿಯರು ಆ ದಿನಗಳಲ್ಲಿ ಗೌಡರ ಹಿತ್ತಿಲ ಬಾಗಿಲಲ್ಲಿ ಸೆರಗೊಡ್ಡಿ ನಿಂತವರೇ. 10 ಸೇರು ತಂದರೆ ಸುಗ್ಗಿಯಲ್ಲಿ 15 ಸೇರು ಅಳೆಯಬೇಕು. ಅಳೆಯೋಕೆ ಆಗದಿದ್ದರೆ ಮನೆಯ ಹುಡುಗನನ್ನು ದನ ಕಾಯಲು ಬಿಡಬೇಕು. ಜೀತ ಶುರುವಾಗುತ್ತಿದ್ದದ್ದು ಹೀಗೆ, ಒಂದು ಪುಟ್ಟಿ ಕಾಳಿನಿಂದ. 1976ರಲ್ಲಿ ಜೀತ ರದ್ದಿನ ಕಾನೂನು ಬಂತು. ಆಷಾಢವನ್ನು ಯಾವ ಕಾನೂನೂ ರದ್ದು ಮಾಡಲಿಲ್ಲ.

ಈಗ ರೇಷನ್ ಅಕ್ಕಿ ಬಂದಿದೆಯಲ್ಲ ಅಂತ ಹಾಸ್ಟೆಲ್ಲಿನ ಗೆಳೆಯರು ಕೇಳಬಹುದು. ಬಂದಿದೆ, ಬೇಡ ಅನ್ನುವಷ್ಟು ಕೃತಘ್ನರು ನಾವಲ್ಲ. ಅದು ನಮ್ಮ ಹಕ್ಕು, ಯಾರಪ್ಪನ ಮನೆಯ ಗಂಟೂ ಅಲ್ಲ. ಆದರೆ 2001ರಲ್ಲಿ ಸರ್ಕಾರದ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಧಾನ್ಯ ಬಿದ್ದಿದ್ದಾಗಲೇ ರಾಜಸ್ಥಾನದ ಬರದ ಹಳ್ಳಿಗಳಲ್ಲಿ ಜನ ಹಸಿದಿದ್ದರು. ಅದಕ್ಕಾಗಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಬೇಕಾಯ್ತು. ಕಾಳು ಇರುವುದು ಬೇರೆ, ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನುವುದು ಬೇರೆ.

ಈ ಮಾತಿಗೆ ಸಾಕ್ಷಿ ಬೇಕಾದರೆ ಬೀದರಿನ ಗಡಿ ದಾಟಿ ಜಹೀರಾಬಾದಿನ ಕಡೆ ನೋಡಬೇಕು. ಅಂದು ಆಂಧ್ರದ ಮೇದಕ್ ಜಿಲ್ಲೆ, ಇಂದು ತೆಲಂಗಾಣದ ಸಂಗಾರೆಡ್ಡಿ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಅವರಿಗೆ ನಮಸ್ಕಾರ. ಆದರೆ ನಾವು ಹೇಳಬೇಕಾದ್ದು ಅಲ್ಲಿನ ಸಂಘಗಳ ಹೆಂಗಸರ ಕತೆ. ಬಹುಪಾಲು ದಲಿತ ಹೆಂಗಸರು, ಕೂಲಿಗೆ ಹೋಗುವವರು, ಅನೇಕರಿಗೆ ಓದು ಬರಹವಿಲ್ಲ.

ಭೂಸುಧಾರಣೆಯ ಹೆಸರಿನಲ್ಲಿ ಇವರ ಮನೆಗಳಿಗೆ ಒಂದೆರಡು ಎಕರೆ ಸಿಕ್ಕಿತ್ತು. ಎಂಥ ಭೂಮಿ ಅಂತೀರಿ? ದಣಿಗಳು ಬೇಡವೆಂದು ಬಿಟ್ಟ ಕಲ್ಲು ನೆಲ. ಎತ್ತಿಲ್ಲ, ಗೊಬ್ಬರವಿಲ್ಲ, ಬೀಜಕ್ಕೆ ಕಾಸಿಲ್ಲ. ಹೊಲವಿದ್ದೂ ಪಾಳು. ಊರಿನ ರೇಷನ್ ಅಂಗಡಿಗೆ ಬರುತ್ತಿದ್ದದ್ದು ದೂರದ ನೀರಾವರಿ ಜಿಲ್ಲೆಗಳ ಅಕ್ಕಿ. ಜೋಳ ತಿನ್ನುವ ಸೀಮೆಯಲ್ಲಿ ಜೋಳ ಕೇಳುವವರಿಲ್ಲ, ಬಿತ್ತುವವರೂ ಕಮ್ಮಿಯಾದರು.

1990ರ ದಶಕದ ನಡುವೆ ಈ ಹೆಂಗಸರು ಕೇಂದ್ರ ಸರ್ಕಾರದ ಗ್ರಾಮೀಣಾಭಿವೃದ್ಧಿ ಖಾತೆಯ ಹಣವನ್ನು ಒಂದು ಹೊಸ ರೀತಿಯಲ್ಲಿ ಬಳಸಿದರು. ಅಕ್ಕಿ ತರಿಸಿ ಹಂಚಲಿಲ್ಲ. ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು ಎರಡೂವರೆ ಸಾವಿರ ಎಕರೆ ಪಾಳು ಹೊಲ ಉಳಲು, ಗೊಬ್ಬರ ಹಾಕಲು, ಕಳೆ ತೆಗೆಯಲು ಮುಂಗಡ ಕೊಟ್ಟರು. ಇಷ್ಟಿಷ್ಟು ಎಕರೆ ನಿನ್ನ ಹೊಣೆ ಅಂತ ಸಂಘದ ಹೆಂಗಸರೇ ಹಂಚಿಕೊಂಡು ಹೊಲಕ್ಕೆ ಹೋಗಿ ನೋಡಿದರು. ಮುಂಗಡ ಪಡೆದವರು ರೊಕ್ಕ ವಾಪಸು ಕೊಡಬೇಕಿರಲಿಲ್ಲ. 5 ವರ್ಷದಲ್ಲಿ ಕಂತು ಕಂತಾಗಿ ಜೋಳ ಅಳೆದರೆ ಸಾಕಿತ್ತು. ಆ ಜೋಳ ಊರಲ್ಲೇ ಉಳಿಯುತ್ತಿತ್ತು. ಮಳೆಗಾಲದಲ್ಲಿ ಕಾಳು ಮುಗಿದ ಮನೆಗಳಿಗೆ ಪೇಟೆಯ ಬೆಲೆಗಿಂತ ಬಹಳ ಕಮ್ಮಿಗೆ ಮಾರುತ್ತಿದ್ದರು. ಬಂದ ಹಣ ಮತ್ತೆ ನಿಧಿಗೆ, ಮತ್ತೆ ಹೊಲಕ್ಕೆ.

ಯಾರಿಗೆ ಕೊಡಬೇಕು? ನಮಗೆ ಬಹಳ ಹಿಡಿಸಿದ್ದು ಇದೇ. ನಮ್ಮೂರುಗಳಲ್ಲಿ ಬಡವರ ಪಟ್ಟಿ ಹೇಗೆ ಆಗುತ್ತೆ ಗೊತ್ತಲ್ಲ. ಟ್ರ್ಯಾಕ್ಟರ್ ಇದ್ದವನ ಹೆಸರಿರುತ್ತೆ, ಗುಡಿಸಲ ಮುದುಕಿಯ ಹೆಸರು ಬಿಟ್ಟುಹೋಗಿರುತ್ತೆ. ಅಲ್ಲಿ ಊರವರೆಲ್ಲ ಕೂಡಿ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದು, ಒಂದೊಂದು ಮನೆಯ ಮುಂದೂ ಮಾತಾಡಿದರು. ಯಾರು ಒಂಟಿ ಹೆಂಗಸು, ಯಾರ ಮನೆಯಲ್ಲಿ ದುಡಿಯುವ ಕೈಯಿಲ್ಲ, ಯಾರು ಒಂದೇ ಹೊತ್ತು ಉಣ್ಣುತ್ತಾರೆ. ಎಲ್ಲರ ಎದುರು ಸುಳ್ಳು ಹೇಳುವುದು ಕಷ್ಟ. ಹೆಚ್ಚು ಹಸಿದ ಮನೆಗೆ ಹೆಚ್ಚು ಜೋಳ. ಅಕ್ಷರ ಬಾರದವರು ಮಾಡಿದ ಈ ಪಟ್ಟಿಯನ್ನು ತಾಲ್ಲೂಕು ಕಛೇರಿಯ ಗುಮಾಸ್ತರು ಬಂದು ನೋಡಿ ಕಲಿಯಬೇಕಿತ್ತು.

ಎಲ್ಲ ಸರಿಹೋಯ್ತು ಅಂತ ನಾವು ಡಂಗುರ ಸಾರುತ್ತಿಲ್ಲ. ಮುಂಗಡ ಸಿಗುತ್ತಿದ್ದದ್ದು ತುಂಡು ಹೊಲವಾದರೂ ಇದ್ದವರಿಗೆ. ಏನೂ ಇಲ್ಲದವರಿಗೆ ಸಿಕ್ಕಿದ್ದು ಆ ಹೊಲಗಳ ಕೂಲಿ ಮತ್ತು ಅಗ್ಗದ ಜೋಳ, ಅಷ್ಟೇ. ಒಳ್ಳೆಯ ಕಪ್ಪು ನೆಲ ಕೈ ಬದಲಾಯಿಸಲಿಲ್ಲ. ಅದಕ್ಕೇ ನಮ್ಮ ಕೆಲವು ಗೆಳೆಯರು, ಇದೆಲ್ಲ ಸುಧಾರಣೆಯ ಆಟ, ಭೂಮಿಗಾಗಿ ಹೋರಾಡದೆ ಕಾಳು ಕೂಡಿಟ್ಟು ಏನು ಬಂತು ಅಂತಾರೆ. ಈ ಮಾತನ್ನು ಮೂರು ಹೊತ್ತು ಮೆಸ್ಸಿನ ಗಂಟೆ ಹೊಡೆಯುವ ಕಡೆ ಕೂತು ಹೇಳುವುದು ಸುಲಭ. ಕಂಬಳದ ದಿನ ಕೂಲಿ ಸಾಲದು ಅಂತ ಹೊಲಕ್ಕಿಳಿಯದೆ ಕೂರಬೇಕಾದರೆ ಮನೆಯಲ್ಲಿ ಎರಡು ವಾರದ ಹಿಟ್ಟಿರಬೇಕು. ಇಲ್ಲದಿದ್ದರೆ ಮೂರನೇ ದಿನ ಮಗು ಅಳುತ್ತೆ, ಅವ್ವ ಮತ್ತೆ ಅದೇ ಹಿತ್ತಿಲ ಬಾಗಿಲಿಗೆ ಹೋಗುತ್ತಾಳೆ. ದಣಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಹಾಸ್ಟೆಲ್ಲಿಗೆ ಬಂದ ಮೇಲೆ ನಮಗೆ ರೊಟ್ಟಿ, ಮುದ್ದೆ ಅಂದರೆ ನಾಚಿಕೆ. ಬಿಳೀ ಅನ್ನ ಉಂಡವನೇ ದೊಡ್ಡ ಮನುಷ್ಯ ಅಂತ ನಮಗೆ ಕಲಿಸಿದವರು ಯಾರು? ಜಹೀರಾಬಾದಿನ ಹೆಂಗಸರು ಜೋಳ, ಸಜ್ಜೆ, ನವಣೆ, ತೊಗರಿಯ ಬೀಜಗಳನ್ನು ಬೂದಿ, ಬೇವಿನ ಸೊಪ್ಪು ಬೆರೆಸಿ ಬುಟ್ಟಿಗಳಲ್ಲಿ ಕಾಪಾಡಿದ್ದಾರೆ. 2008ರಲ್ಲಿ ತಮ್ಮದೇ ರೇಡಿಯೋ ಶುರು ಮಾಡಿ ಅದರಲ್ಲೂ ಇದನ್ನೇ ಮಾತಾಡಿದರು. ಈಗ ಅದೇ ನವಣೆಯನ್ನು ಪಟ್ಟಣದ ಶ್ರೀಮಂತರು ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ದುಬಾರಿ ಬೆಲೆಗೆ ಕೊಳ್ಳುತ್ತಿದ್ದಾರೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ದಸರಾ ರಜೆಗೆ ಊರಿಗೆ ಹೋದಾಗ ಪದ್ಯ ಬರೆಯುವ ನಾವೂ, ಪರೀಕ್ಷೆಗೆ ಓದುವ ನೀವೂ ಒಂದು ಕೆಲಸ ಮಾಡೋಣ. ಕೇರಿಯ ಒಂದೊಂದು ಮನೆಗೂ ಹೋಗಿ, ಈ ಮಳೆಗಾಲ ಯಾರ ಹತ್ತಿರ ಎಷ್ಟು ಸೇರು ತಂದಿರಿ, ಸುಗ್ಗಿಗೆ ಎಷ್ಟು ಅಳೆಯಬೇಕು ಅಂತ ಕೇಳೋಣ. ಅವ್ವಂದಿರು ಮೊದಲು ಹೇಳಲ್ಲ, ಓದೋ ಹುಡುಗರಿಗೆ ಯಾಕೆ ಈ ಉಸಾಬರಿ ಅಂತಾರೆ. ಕೂತು ಕೇಳಬೇಕು. ಮುಂದಿನ ಸಭೆಗೆ ಬರುವಾಗ ಆ ಲೆಕ್ಕದ ಚೀಟಿ ಜೇಬಿನಲ್ಲಿರಲಿ.